ಸಂಜೆ 6ರಿಂದ ರಾತ್ರಿ 10: ಒಂದು ಹಾಸ್ಟೆಲ್ ನಿಯಮದ ಪ್ರಕರಣ ಅಧ್ಯಯನ

2019ರ ಜೂನ್ ತಿಂಗಳ ಮಾತು. ಕಲ್ಲಿಕೋಟೆ ಹತ್ತಿರ ಚೇಳನ್ನೂರಿನಲ್ಲಿ ಶ್ರೀ ನಾರಾಯಣಗುರು ಕಾಲೇಜು ಇದೆ. ಕ್ಯಾಲಿಕಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಅಲ್ಲಿನ ಹುಡುಗಿಯರ ಹಾಸ್ಟೆಲಿನಲ್ಲಿ ಮೊಬೈಲ್ ಬಗ್ಗೆ ಮೊದಲೇ ಒಂದು ನಿಯಮ ಇತ್ತು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಯಾರೂ ಫೋನ್ ಬಳಸಬಾರದು. ಜೂನ್ 24ರಿಂದ ಆ ಹೊತ್ತನ್ನು ಬದಲಿಸಿದರು. ಇನ್ನು ಮುಂದೆ ಸಂಜೆ 6ರಿಂದ ರಾತ್ರಿ 10ರ ತನಕ ಫೋನ್ ಇಲ್ಲ.

ನೋಡಿದರೆ ಸಣ್ಣ ಬದಲಾವಣೆ. ಎಂಟು ಗಂಟೆಯ ನಿಷೇಧ ನಾಲ್ಕು ಗಂಟೆಗೆ ಇಳಿಯಿತು, ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಮೂರೇ ತಿಂಗಳಲ್ಲಿ ಈ ನಿಯಮ ಕೇರಳ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಬೀಳುವಾಗ, ಪದವಿ ಕಾಲೇಜುಗಳಲ್ಲಿ ಮೊಬೈಲನ್ನು ಮೇಷ್ಟ್ರುಗಳು ಹೇಗೆ ನೋಡುತ್ತಾರೆ, ಮಕ್ಕಳು ಹೇಗೆ ನೋಡುತ್ತಾರೆ ಎನ್ನುವುದನ್ನು ಬಿಚ್ಚಿಟ್ಟು ಹೋಯಿತು.

ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುವವಳು. ಕೆಲವು ವರ್ಷ ಹಾಸ್ಟೆಲಿನ ಜವಾಬ್ದಾರಿಯನ್ನೂ ನೋಡಿಕೊಂಡಿದ್ದೇನೆ. ಮೊಬೈಲ್ ಕಲಿಕೆಯ ಬಗ್ಗೆ ನಿಮ್ಮ ಮನೋಭಾವ ಏನು ಎಂದು ಕೇಳುವ ಪ್ರಶ್ನಾವಳಿಗಳು ನಮ್ಮ ಕೈಗೆ ಬರುತ್ತಲೇ ಇರುತ್ತವೆ. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಚೌಕ. ಟಿಕ್ ಹಾಕುವಾಗಲೆಲ್ಲ ನನಗೆ ಈ ಹಾಸ್ಟೆಲ್ ನೆನಪಾಗುತ್ತದೆ. ಒಬ್ಬರ ಮನೋಭಾವ ಏನು ಎಂದು ತಿಳಿಯಬೇಕಾದರೆ ಅವರು ಟಿಕ್ ಹಾಕಿದ ಚೌಕಕ್ಕಿಂತ ಅವರು ಮಾಡಿದ ನಿಯಮವನ್ನು ನೋಡಬೇಕು ಅನಿಸುತ್ತದೆ.

ನಡೆದದ್ದು

ಮೂರನೇ ಸೆಮಿಸ್ಟರಿನಲ್ಲಿ ಬಿ.ಎ. ಇಂಗ್ಲಿಷ್ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ಹೊಸ ಹೊತ್ತು ಸರಿ ಬರಲಿಲ್ಲ. ಅವಳೊಬ್ಬಳಿಗೇ ಅಲ್ಲ, ಇನ್ನೂ ಕೆಲವರಿಗೆ. ಎಲ್ಲರೂ ಸೇರಿ ಡೆಪ್ಯುಟಿ ವಾರ್ಡನ್ ಹತ್ತಿರ ಹೋಗಿ ತಮ್ಮ ಕಷ್ಟ ಹೇಳಿಕೊಂಡರು. ಏನೂ ಆಗಲಿಲ್ಲ. ಅವಳು ಪ್ರಿನ್ಸಿಪಾಲರಿಗೂ ಪತ್ರ ಕೊಟ್ಟಳು. ನಿಯಮಕ್ಕೆ ಬದ್ಧಳಾಗಿ ಇರುತ್ತೀಯಾ ಇಲ್ಲವಾ, ಬರೆದುಕೊಡು ಎಂಬಲ್ಲಿಗೆ ಮಾತು ಬಂತು. ಉಳಿದವರು ಒಪ್ಪಿ ಬರೆದುಕೊಟ್ಟರು. ಅವಳು ಒಪ್ಪಲಿಲ್ಲ. ಜುಲೈ ತಿಂಗಳಲ್ಲಿ ಹಾಸ್ಟೆಲ್ ಖಾಲಿ ಮಾಡು ಎಂಬ ಆದೇಶ ಕೈಗೆ ಬಂತು.

ಹೊರಗೆ ಬಿದ್ದವಳು ಹೈಕೋರ್ಟಿಗೆ ಹೋದಳು. ಫಹೀಮಾ ಶಿರಿನ್ ವಿರುದ್ಧ ಕೇರಳ ರಾಜ್ಯ ಎಂಬ ಹೆಸರಿನಲ್ಲಿ ಈಗ ಕಾನೂನು ಓದುವವರಿಗೆಲ್ಲ ಈ ಪ್ರಕರಣ ಗೊತ್ತು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ತೀರ್ಪು ಕೊಟ್ಟರು. ತಡಮಾಡದೆ ಅವಳನ್ನು ಹಾಸ್ಟೆಲಿಗೆ ಮತ್ತೆ ಸೇರಿಸಿಕೊಳ್ಳಿ ಎಂದರು.

ಎರಡೂ ಕಡೆಯವರ ಬಾಯಲ್ಲಿ ಒಂದೇ ಪದ

ಕಾಲೇಜಿನ ವಾದವನ್ನು ಮೊದಲು ಕೇಳೋಣ. ಸುಮ್ನೆ ಹಳೆಯ ಕಾಲದವರು ಎಂದು ಅವರನ್ನು ತಳ್ಳಿಹಾಕುವುದು ಸರಿಯಲ್ಲ. ಅವರು ಹೇಳಿದ್ದು ಇಷ್ಟು: ಹೆತ್ತವರೇ ಈ ನಿಯಮ ಬೇಕು ಅಂದಿದ್ದಾರೆ. 6ರಿಂದ 10 ಓದುವ ಹೊತ್ತು. ಆ ಹೊತ್ತು ಓದಿಗೇ ಹೋಗಲಿ ಎಂಬುದು ನಮ್ಮ ಉದ್ದೇಶ. ಉಳಿದ ಹೊತ್ತಿನಲ್ಲಿ ಫೋನ್ ಬಳಸಬಹುದು. ಬೇರೆ ಯಾರಿಂದಲೂ ದೂರು ಇಲ್ಲ. ಹಾಸ್ಟೆಲ್ ಅಂದಮೇಲೆ ಶಿಸ್ತು ಇರಬೇಕು, ಅದನ್ನು ಕಾಯುವ ಅಧಿಕಾರ ಕಾಲೇಜಿಗೆ ಇದೆ.

ವಿದ್ಯಾರ್ಥಿನಿಯ ವಾದವೂ ಓದಿನ ಮೇಲೇ ನಿಂತಿತ್ತು. ನನಗೆ ಬೇಕಾದ್ದೆಲ್ಲ ಪುಸ್ತಕದಲ್ಲಿ ಸಿಗುವುದಿಲ್ಲ, ನೆಟ್‌ನಲ್ಲಿ ಹುಡುಕಿ ಓದಬೇಕು. ಫೋನ್ ಕಿತ್ತುಕೊಂಡರೆ ನನ್ನ ಓದನ್ನೇ ಕಿತ್ತುಕೊಂಡ ಹಾಗೆ. ಪದವಿ ಹುಡುಗಿಯರಿಗೆ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್ ಕೂಡ ಬಳಸಲು ಬಿಡುತ್ತಿರಲಿಲ್ಲ ಎಂದೂ ಅರ್ಜಿಯಲ್ಲಿ ಇತ್ತು. ನಾನು ವಯಸ್ಕಳು, ನನ್ನ ಖಾಸಗಿತನ ನನ್ನದು ಎಂದಳು. ಈ ಕಟ್ಟುಪಾಡು ಹುಡುಗಿಯರ ಹಾಸ್ಟೆಲಿಗೆ ಮಾತ್ರ ಯಾಕೆ ಎಂದೂ ಕೇಳಿದಳು.

ಗಮನಿಸಿ, ಎರಡೂ ಕಡೆಯವರು ‘ಓದು’ ಎಂದೇ ಹೇಳುತ್ತಿದ್ದಾರೆ. ವಾರ್ಡನ್ ಪಾಲಿಗೆ ಓದು ಅಂದರೆ ಮೇಜು, ಪುಸ್ತಕ, ನೋಟ್ಸು, ದೀಪ. ಫೋನ್ ಅದನ್ನು ಕೆಡಿಸುವ ವಸ್ತು. ಹುಡುಗಿಯ ಪಾಲಿಗೆ ಪುಸ್ತಕ ಇರುವುದೇ ಫೋನಿನಲ್ಲಿ. ನಿಘಂಟು, ಪಿಡಿಎಫ್, ಅರ್ಥವಾಗದ ಪಾಠದ ವಿಡಿಯೊ, ಗೆಳತಿ ಕಳಿಸಿದ ನೋಟ್ಸಿನ ಫೋಟೊ, ಎಲ್ಲಾ ಅದರಲ್ಲೇ. ಹಾಗಾಗಿ ಇಬ್ಬರೂ ಪ್ರಾಮಾಣಿಕರಾಗಿಯೇ ಮಾತಾಡುತ್ತಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ನೆಪದ ಹಾಗೆ ಕೇಳಿಸಿತು.

ನನಗೂ ಹೀಗೆ ಕೇಳಿಸಿದ್ದುಂಟು. ಆಗ ತರಗತಿಯ ಬಾಗಿಲ ಹತ್ತಿರ ಒಂದು ಬುಟ್ಟಿ ಇಡುತ್ತಿದ್ದೆ. ಒಳಗೆ ಬರುವವರು ಫೋನ್ ಅದರಲ್ಲಿ ಹಾಕಿ ಬರಬೇಕು. ಒಂದು ದಿನ ಒಬ್ಬಳು, “ಮೇಡಂ, ಇವತ್ತಿನ ಪಾಠ ಅದರಲ್ಲೇ ಇದೆ” ಅಂದಳು. ನೆಪ ಹೇಳಬೇಡ ಕೂತ್ಕೋ ಅಂದೆ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ನಾನು ಹೇಳಿದ್ದ ಪುಸ್ತಕದ ಪ್ರತಿ ಲೈಬ್ರರಿಯಲ್ಲಿ ಇದ್ದದ್ದು ಒಂದೇ. ಅದನ್ನು ತಂದವಳ ಹತ್ತಿರ ಎಲ್ಲರೂ ಪುಟಗಳ ಫೋಟೊ ತೆಗೆದುಕೊಂಡಿದ್ದರು. ಜೆರಾಕ್ಸಿಗೆ ದುಡ್ಡು ಕೊಡುವುದಕ್ಕಿಂತ ಅದೇ ಅಗ್ಗ. ಬುಟ್ಟಿಯಲ್ಲಿ ಬಿದ್ದಿದ್ದು ನಾನು ಓದಿ ಬನ್ನಿ ಅಂದಿದ್ದ ಪುಸ್ತಕವೇ.

ಹೊತ್ತು ಬದಲಾದದ್ದು ಯಾಕೆ ಮುಖ್ಯ

ಈ ಪ್ರಕರಣದ ಬಗ್ಗೆ ಬಂದ ಸುದ್ದಿಗಳಲ್ಲಿ ಜಾಸ್ತಿ ಕಂಡದ್ದು ‘ಇಂಟರ್‌ನೆಟ್ ಮೂಲಭೂತ ಹಕ್ಕು’ ಎಂಬ ತಲೆಬರಹ. ಅದು ದೊಡ್ಡ ವಿಷಯವೇ. ಆದರೆ ಪಾಠ ಮಾಡುವವಳಾಗಿ ನನ್ನ ಕಣ್ಣು ನಿಂತದ್ದು ಜೂನ್ 24ರ ಆ ಬದಲಾವಣೆಯ ಮೇಲೆ.

ರಾತ್ರಿ 10ರಿಂದ ಬೆಳಗ್ಗೆ 6ರ ನಿಷೇಧ ನಿದ್ದೆ ಕಾಯುವ ನಿಯಮ. ಇಷ್ಟ ಇರಲಿ ಬಿಡಲಿ, ಅದರ ಹಿಂದಿನ ಲೆಕ್ಕ ಅರ್ಥವಾಗುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುತ್ತಾರೆ. ಒಬ್ಬಳ ಫೋನಿನ ಬೆಳಕು ಇನ್ನೊಬ್ಬಳ ಕಣ್ಣಿಗೆ ಬೀಳುತ್ತದೆ. ಮಧ್ಯರಾತ್ರಿ ಯಾರೋ ಮಾತಾಡುತ್ತಿದ್ದರೆ ಪಕ್ಕದ ಮಂಚದವಳಿಗೆ ಬೆಳಗಿನ ಇಂಟರ್ನಲ್ಸ್ ಹಾಳು. ಹಾಸ್ಟೆಲ್ ನೋಡಿಕೊಂಡವರಿಗೆ ಈ ಜಗಳಗಳು ಹೊಸದಲ್ಲ.

6ರಿಂದ 10ರ ನಿಷೇಧ ಹಾಗಲ್ಲ. ಫೋನಿನಿಂದ ಓದು ಆಗುವುದೇ ಇಲ್ಲ ಎಂದು ಮೊದಲೇ ತೀರ್ಮಾನ ಮಾಡಿಕೊಂಡರೆ ಮಾತ್ರ ಈ ನಿಯಮ ಹುಟ್ಟುತ್ತದೆ. ಓದುವ ಹೊತ್ತಿನಲ್ಲಿ ಫೋನ್ ಬೇಡ ಎನ್ನುವುದು, ಓದುವ ಹೊತ್ತಿನಲ್ಲಿ ಟಿವಿ ಬೇಡ ಅಂದ ಹಾಗೆ. ನಿಯಮ ಬರೆದವರ ಮನೋಭಾವ ಇದಕ್ಕಿಂತ ಸ್ಪಷ್ಟವಾಗಿ ಯಾವ ಪ್ರಶ್ನಾವಳಿಯಲ್ಲೂ ಸಿಗುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಕಾಲೇಜು ಮುಗಿಸಿ, ಬಟ್ಟೆ ಒಗೆದು, ಮೆಸ್ಸಿನಲ್ಲಿ ಕಾಫಿ ಕುಡಿದು ಕೂರುವ ಹೊತ್ತಿಗೆ ಸಂಜೆ ಆಗಿರುತ್ತದೆ. ಫೋನಿನಲ್ಲಿ ಓದುವವಳಿಗೆ ಓದಲು ಉಳಿಯುವ ಹೊತ್ತೇ ಅದು. ಅದನ್ನು ಮುಚ್ಚಿ, ಹತ್ತು ಗಂಟೆ ಆದಮೇಲೆ ಫೋನ್ ತೆಗೆಯಬಹುದು ಅಂದರೆ ಏನಾಗುತ್ತದೆ? ಮೆಸೇಜು, ಮನೆಯವರ ಕರೆ, ನಾಳೆಯ ಅಸೈನ್‌ಮೆಂಟು, ಎಲ್ಲಾ ಮಲಗುವ ಹೊತ್ತಿಗೆ ಬಂದು ಬೀಳುತ್ತದೆ. ಹಳೆಯ ನಿಯಮ ಕಾಯುತ್ತಿದ್ದ ನಿದ್ದೆಯನ್ನು ಹೊಸ ನಿಯಮವೇ ಕೆಡಿಸುತ್ತದೆ. ಕಾಲೇಜಿನವರಿಗೆ ಕೆಟ್ಟ ಉದ್ದೇಶ ಇತ್ತು ಎಂದು ನಾನು ಹೇಳುವುದಿಲ್ಲ. ಮಕ್ಕಳ ಒಂದು ಸಂಜೆ ಹೇಗಿರುತ್ತದೆ ಎಂದು ಅವರನ್ನೇ ಕೂರಿಸಿಕೊಂಡು ಕೇಳಿದ್ದರೆ ಈ ಹೊತ್ತು ಆರಿಸುತ್ತಿರಲಿಲ್ಲ ಅನಿಸುತ್ತದೆ ಅಷ್ಟೆ.

ಆ ಕಾಲದ ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. 2017ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ಸ್ವಯಂ’ ಶುರು ಮಾಡಿತ್ತು. ಕಾಲೇಜು ಮಕ್ಕಳು ನೆಟ್ ಮೂಲಕ ಕೋರ್ಸ್ ಮಾಡಲಿ ಎಂದು. 2017ರ ಕೇರಳ ಬಜೆಟ್‌ನಲ್ಲಿ ಅಲ್ಲಿನ ಹಣಕಾಸು ಸಚಿವರು ಇಂಟರ್‌ನೆಟ್ ನಾಗರಿಕರ ಹಕ್ಕು ಎಂದು ಹೇಳಿ, 20 ಲಕ್ಷ ಬಡ ಕುಟುಂಬಗಳಿಗೆ ಉಚಿತವಾಗಿ ಕೊಡುತ್ತೇವೆ ಅಂದಿದ್ದರು. ಸರ್ಕಾರ ನೆಟ್‌ನಲ್ಲಿ ಓದಿ ಎನ್ನುತ್ತಿದೆ, ಹಾಸ್ಟೆಲ್ ಬೇಡ ಎನ್ನುತ್ತಿದೆ. ನಡುವೆ ನಿಂತದ್ದು ಹದಿನೆಂಟು ದಾಟಿದ ಹುಡುಗಿ.

ಸಹಿ ಮತ್ತು ಒಪ್ಪಿಗೆ

ಉಳಿದವರಿಂದ ದೂರೇ ಇಲ್ಲ ಎಂದು ಕಾಲೇಜು ಹೇಳಿತಲ್ಲ, ಆ ಮಾತಿನ ಹತ್ತಿರ ನಾನು ತುಂಬಾ ಹೊತ್ತು ನಿಂತೆ. ಯಾಕೆಂದರೆ ಮೊದಲು ಡೆಪ್ಯುಟಿ ವಾರ್ಡನ್ ಹತ್ತಿರ ಹೋದವಳು ಒಬ್ಬಳೇ ಅಲ್ಲ. ಜೊತೆಗೆ ಬೇರೆಯವರೂ ಇದ್ದರು. ಬರೆದುಕೊಡಿ ಅಂದಾಗ ಮಾತ್ರ ಒಬ್ಬಳು ಉಳಿದಳು.

ಆ ವಾರ ಅದೇ ಹಾಸ್ಟೆಲಿನಲ್ಲಿ ಮನೋಭಾವದ ಸಮೀಕ್ಷೆ ಮಾಡಿದ್ದರೆ ಏನು ಬರುತ್ತಿತ್ತು ಎಂದು ಯೋಚಿಸಿ. ಒಬ್ಬಳನ್ನು ಬಿಟ್ಟು ಎಲ್ಲರೂ ನಿಯಮದ ಪರ ಎಂದು ಬರುತ್ತಿತ್ತು. ಕಾಗದದ ಮೇಲೆ ಅದು ನಿಜ. ಆದರೆ ಹಾಸ್ಟೆಲ್ ಸೀಟು ಹೋದರೆ ಓದೇ ನಿಂತುಹೋಗುವ ಹುಡುಗಿಯ ಸಹಿಗೆ ಏನು ಅರ್ಥ? ನಮ್ಮ ಕಡೆಯೂ ಹೀಗೇ ಅಲ್ವಾ. ಪಿಯುಸಿ ಆದಮೇಲೆ ಮದುವೆ ಮಾಡಿಬಿಡೋಣ ಅನ್ನುತ್ತಿದ್ದ ಅಪ್ಪನನ್ನು ಒಪ್ಪಿಸಿ, ಹಾಸ್ಟೆಲ್ ಸುರಕ್ಷಿತ ಎಂದು ಅಮ್ಮನಿಗೆ ಹೇಳಿ, ಹೇಗೋ ಬಂದು ಸೇರಿದವಳು ವಾರ್ಡನ್ ಕೊಟ್ಟ ಯಾವ ಕಾಗದಕ್ಕೂ ಸಹಿ ಹಾಕುತ್ತಾಳೆ. ಅಲ್ಲಿ ನಿಂತು ‘ಇಲ್ಲ’ ಅನ್ನಲು ಮನೆಯವರ ಬೆಂಬಲ ಬೇಕು, ಗಟ್ಟಿ ಮನಸ್ಸು ಬೇಕು. ಎಲ್ಲರಿಗೂ ಎರಡೂ ಇರುವುದಿಲ್ಲ.

ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುತ್ತಾರೆ ಎಂದು ಅಳೆಯಲು ಫ್ರೆಡ್ ಡೇವಿಸ್ 1989ರಲ್ಲಿ ಒಂದು ಮಾದರಿ ಕೊಟ್ಟರು. ಇದರಿಂದ ಉಪಯೋಗ ಇದೆ ಅನಿಸಬೇಕು, ಬಳಸುವುದು ಸುಲಭ ಅನಿಸಬೇಕು, ಆಗ ಒಪ್ಪುತ್ತಾರೆ ಎಂಬುದು ಅದರ ತಿರುಳು. ಮೊಬೈಲ್ ಕಲಿಕೆಯ ಬಗ್ಗೆ ನಮ್ಮಲ್ಲಿ ನಡೆಯುವ ಬಹಳಷ್ಟು ಅಧ್ಯಯನಗಳು ಇಂದಿಗೂ ಇದನ್ನೇ ಹಿಡಿದುಕೊಂಡಿವೆ. ಅದರಲ್ಲಿ ಹುರುಳಿದೆ. ಆದರೆ ಈ ಹುಡುಗಿಗೆ ಉಪಯೋಗದ ಬಗ್ಗೆಯೂ ಅನುಮಾನ ಇರಲಿಲ್ಲ, ಬಳಸುವುದೂ ಕಷ್ಟ ಇರಲಿಲ್ಲ. ತಡೆ ಇದ್ದದ್ದು ಅನುಮತಿಯಲ್ಲಿ. ಹೆಣ್ಣುಮಕ್ಕಳ ವಿಷಯದಲ್ಲಿ ಈ ತಡೆ ಜಾಸ್ತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದವರು ದೇಶದಲ್ಲಿ ಹೆಂಗಸರಲ್ಲಿ ನೂರಕ್ಕೆ 33, ಗಂಡಸರಲ್ಲಿ 57. ಕರ್ನಾಟಕದಲ್ಲಿ ಸುಮಾರು 35 ಮತ್ತು 62. ಮನೆಯಲ್ಲೇ ಫೋನ್ ಕೈಗೆ ಸಿಗದವಳಿಗೆ ಹಾಸ್ಟೆಲ್ ಮೊದಲ ಅವಕಾಶ ಆಗಿರುತ್ತದೆ. ಅಲ್ಲೂ ಹೊತ್ತು ಕಟ್ಟಿದರೆ ಅವಳು ಎಲ್ಲಿ ಕಲಿಯಬೇಕು?

ಕೋರ್ಟು ಎಲ್ಲಿ ಗೆರೆ ಎಳೆಯಿತು

ತೀರ್ಪಿನ ಮೂಲ ಮಾತು ಇದು. ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಖಾಸಗಿತನದ ಹಕ್ಕಿನ ಭಾಗ. ಎರಡೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯೊಳಗೆ ಬರುತ್ತವೆ. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯ ನಿರ್ಣಯಗಳನ್ನೂ ಕೋರ್ಟು ಆಧಾರವಾಗಿ ತೆಗೆದುಕೊಂಡಿತು. ಖಾಸಗಿತನದ ಮಾತಿಗೆ ಬಲ ಬಂದದ್ದು, ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಒಂಬತ್ತು ನ್ಯಾಯಮೂರ್ತಿಗಳ ಪೀಠದ ಆ ತೀರ್ಪಿಗೆ ಕಾರಣವಾದ ಅರ್ಜಿ ನಮ್ಮವರದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದು. ಆಧಾರ್ ವಿರುದ್ಧ ಅವರು ಶುರು ಮಾಡಿದ ಹೋರಾಟ ಕೇರಳದ ಒಂದು ಹಾಸ್ಟೆಲ್ ಕೋಣೆಯ ತನಕ ಹೋಗಿ ಕೆಲಸಕ್ಕೆ ಬಂತು ಎನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಆದರೆ ನನ್ನಂಥ ಮೇಷ್ಟ್ರುಗಳು ಓದಬೇಕಾದ ಭಾಗ ಇನ್ನೂ ಮುಂದೆ ಇದೆ. ಹಾಸ್ಟೆಲಿನಲ್ಲಿ ಇರುವವರು ವಯಸ್ಕರು, ಹೇಗೆ ಓದಬೇಕು, ಯಾವಾಗ ಓದಬೇಕು ಎಂದು ತೀರ್ಮಾನಿಸಲು ಅವರಿಗೆ ಗೊತ್ತು, ಇದನ್ನು ಕಾಲೇಜಿನವರೂ ಹೆತ್ತವರೂ ನೆನಪಿಡಬೇಕು ಎಂದಿತು ಕೋರ್ಟು. ಫೋನನ್ನು ಕೆಟ್ಟದ್ದಕ್ಕೆ ಬಳಸುವವರು ಯಾವ ಹೊತ್ತಿನಲ್ಲಾದರೂ ಬಳಸಬಹುದು, ಆ ಭಯಕ್ಕೆ ಎಲ್ಲರ ಕಲಿಯುವ ದಾರಿ ಮುಚ್ಚುವುದು ಸರಿಯಲ್ಲ ಎಂದಿತು. ಯಾವ ವಿದ್ಯಾರ್ಥಿಯನ್ನೂ ಫೋನ್ ಬಳಸು ಎಂದಾಗಲಿ, ಬಳಸಬೇಡ ಎಂದಾಗಲಿ ಒತ್ತಾಯ ಮಾಡಬಾರದು ಎಂದೂ ಹೇಳಿತು. ಜೊತೆಗೆ ಒಂದು ಷರತ್ತು: ನಿನ್ನ ಫೋನಿನಿಂದ ಬೇರೆಯವರಿಗೆ ತೊಂದರೆ ಆಗಬಾರದು. ತೊಂದರೆ ಆಗುತ್ತಿದೆಯೇ ಎಂದು ನೋಡುವ ಕೆಲಸ ಕಾಲೇಜಿನದು.

ಇಲ್ಲಿ ಗೆರೆ ಬದಲಾಗಿದೆ. ಹೊತ್ತಿನ ಮೇಲೆ ಇದ್ದ ಗೆರೆ ತೊಂದರೆಯ ಮೇಲೆ ಬಂದಿದೆ. ವಾರ್ಡನ್ ಕೆಲಸ ಇದರಿಂದ ಕಷ್ಟವಾಯಿತು, ಅದನ್ನೂ ಹೇಳಬೇಕು. ಗಡಿಯಾರ ನೋಡಿ ಫೋನ್ ತೆಗೆದುಕೊಳ್ಳುವುದು ಸುಲಭ. ಯಾರಿಂದ ಯಾರಿಗೆ ಎಷ್ಟು ತೊಂದರೆ ಎಂದು ಕೇಳಿ, ಮಾತಾಡಿ ಬಗೆಹರಿಸುವುದಕ್ಕೆ ತಾಳ್ಮೆ ಬೇಕು, ಜನ ಬೇಕು.

ಕೇರಳ ಹೈಕೋರ್ಟಿನ ತೀರ್ಪನ್ನು ನಮ್ಮ ರಾಜ್ಯದ ಕೋರ್ಟುಗಳು ಪರಿಗಣಿಸಬಹುದು, ಆದರೆ ಪಾಲಿಸಲೇಬೇಕು ಎಂದಿಲ್ಲ. ಆದರೂ ಅದು ಕೇಳಿದ ಪ್ರಶ್ನೆ ನಮ್ಮ ಹಾಸ್ಟೆಲುಗಳಿಗೂ ಸೇರಿದ್ದು.

ಆರು ತಿಂಗಳಾದ ಮೇಲೆ

ತೀರ್ಪು ಬಂದದ್ದು ಸೆಪ್ಟೆಂಬರ್ 2019. ಮಾರ್ಚ್ 2020ಕ್ಕೆ ಕಾಲೇಜುಗಳೇ ಮುಚ್ಚಿದವು. ಫೋನ್ ಕಿತ್ತುಕೊಳ್ಳುತ್ತಿದ್ದ ನಾವೇ ಫೋನ್ ಹಿಡಿದು ಕೂರಿ ಎಂದು ಮಕ್ಕಳಿಗೆ ಹೇಳಬೇಕಾಯಿತು. ಕರ್ನಾಟಕದಲ್ಲಿ ಕಾಲೇಜು ಶಿಕ್ಷಣ ಇಲಾಖೆ ‘ಜ್ಞಾನನಿಧಿ’ ಎಂಬ ಯೂಟ್ಯೂಬ್ ಚಾನೆಲ್ ಮಾಡಿ ಪಾಠಗಳನ್ನು ಹಾಕಿತು. ಸೆಪ್ಟೆಂಬರ್ 1ರಿಂದ ಪದವಿ ತರಗತಿಗಳು ಆನ್‌ಲೈನಿನಲ್ಲಿ ಶುರುವಾದವು. ನವೆಂಬರ್ 17ಕ್ಕೆ ಕಾಲೇಜು ಬಾಗಿಲು ತೆರೆಯಿತು. ಮುಂದಿನ ವರ್ಷ ಜೂನ್‌ನಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ಮಕ್ಕಳಿಗೆ ಟ್ಯಾಬ್ ಹಂಚಲು ಶುರು ಮಾಡಿದರು.

ಆಗ ನಮ್ಮ ಮನೋಭಾವ ಬದಲಾಯಿತೇ? ಬಳಕೆ ಬದಲಾಯಿತು, ಅಷ್ಟು ಖಂಡಿತ. ಮನಸ್ಸಿನ ಮಾತು ಬೇರೆ. ಬಹಳಷ್ಟು ಅಧ್ಯಾಪಕರಿಗೆ ಆ ದಿನಗಳಲ್ಲಿ ಮೊಬೈಲ್ ಮೇಲೆ ಇನ್ನೂ ಬೇಸರ ಬಂತು. ಕ್ಯಾಮೆರಾ ಆಫ್ ಮಾಡಿ ಕೂತವರ ಕಪ್ಪು ಚೌಕಗಳಿಗೆ ಪಾಠ ಮಾಡಿ ಮಾಡಿ ಸಾಕಾಗಿತ್ತು. ಸರ್ಕಾರಿ ಪದವಿ ಕಾಲೇಜುಗಳಲ್ಲಿ 14 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿ. 2022ರ ಜನವರಿಯಲ್ಲಷ್ಟೆ ಅದು ಏರಿತು. ಲಾಕ್‌ಡೌನ್‌ನಲ್ಲಿ ಅದೂ ತಿಂಗಳುಗಟ್ಟಲೆ ಕೈಗೆ ಬರಲಿಲ್ಲ. ಸಂಬಳ ಬಾರದವರು ತಮ್ಮ ದುಡ್ಡಿನಲ್ಲೇ ನೆಟ್ ಪ್ಯಾಕ್ ಹಾಕಿಸಿ ಪಾಠ ಮಾಡಬೇಕಿತ್ತು. ಅಂಥವರನ್ನು ನಿಮಗೆ ಮೊಬೈಲ್ ಕಲಿಕೆ ಇಷ್ಟವಾ ಎಂದು ಕೇಳಿ, ಇಲ್ಲ ಅಂದರೆ ‘ತಂತ್ರಜ್ಞಾನಕ್ಕೆ ಹೊಂದಿಕೊಳ್ಳದವರು’ ಎಂದು ಬರೆದರೆ ಅನ್ಯಾಯ.

ಮಕ್ಕಳ ಕಡೆಯೂ ಅಷ್ಟೇ. ಆ ಕಾಲಕ್ಕೆ ಕೈಯಲ್ಲಿದ್ದ ಅಧಿಕೃತ ಲೆಕ್ಕ 2017-18ರದು. ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ 4, ಇಂಟರ್‌ನೆಟ್ ಇದ್ದವು 15. ಪಟ್ಟಣಗಳಲ್ಲಿ 23 ಮತ್ತು 42. ಹಳ್ಳಿಯ ಪದವಿ ವಿದ್ಯಾರ್ಥಿಗೆ ಕಂಪ್ಯೂಟರ್ ಅಂದರೂ ಲೈಬ್ರರಿ ಅಂದರೂ ಅದೇ ಒಂದು ಫೋನು. ಅದೂ ಎಷ್ಟೋ ಮನೆಯಲ್ಲಿ ಅಪ್ಪ ಗದ್ದೆಯಿಂದ ಬಂದಮೇಲೆ ಸಿಗುವಂಥದ್ದು. ಅಂದರೆ ಸಂಜೆ. ಚೇಳನ್ನೂರಿನಲ್ಲಿ ಮುಚ್ಚಿದ್ದ ಅದೇ ಹೊತ್ತು.

ಮಲೆನಾಡಿನ ನನ್ನ ಒಬ್ಬ ವಿದ್ಯಾರ್ಥಿನಿ ಆ ವರ್ಷ ಮಳೆಗಾಲದಲ್ಲಿ ಗುಡ್ಡದ ಮೇಲೆ ನಿಂತು ಹಾಜರಿ ಹೇಳುತ್ತಿದ್ದಳು. ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಕಾಲೇಜು ತೆರೆದ ಮೇಲೆ ಹಾಸ್ಟೆಲಿಗೆ ಬಂದಳು. ಬಂದ ಮೊದಲ ವಾರ ನಮ್ಮಲ್ಲಿ ಫೋನಿಗೆ ಮತ್ತೆ ಹೊತ್ತು ಗೊತ್ತುಮಾಡುವ ಮಾತು ಎದ್ದಿತು. ಮಕ್ಕಳು ಕೆಟ್ಟಿದ್ದಾರೆ, ಒಂದು ವರ್ಷದ ಚಟ ಬಿಡಿಸಬೇಕು ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಅವರ ಆತಂಕ ಸುಳ್ಳಲ್ಲ. ರೀಲ್ಸ್ ನೋಡುತ್ತಾ ಬೆಳಗಿನ ಜಾವ ಮಾಡುವವರು ಇದ್ದರು, ಈಗಲೂ ಇದ್ದಾರೆ. ಆದರೆ ಗುಡ್ಡ ಹತ್ತಿ ಪಾಠ ಕೇಳಿದವಳಿಗೆ ಫೋನ್ ಓದಿಗೆ ಅಲ್ಲ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ.

ನಾವು ಆ ಸಲ ಬೇರೆ ರೀತಿ ಮಾಡಿದೆವು. ಹೊತ್ತು ನಾವು ಬರೆಯುವುದಕ್ಕೆ ಮೊದಲು, ನೀವೇ ಬರೆದುಕೊಡಿ, ಹೆಸರು ಬೇಡ ಎಂದು ಹುಡುಗಿಯರಿಗೆ ಚೀಟಿ ಕೊಟ್ಟೆವು. ಫೋನೇ ಬೇಡ ಎಂದು ಒಬ್ಬರೂ ಬರೆಯಲಿಲ್ಲ. ಬಂದದ್ದು ಬೇರೆಯೇ ದೂರುಗಳು. ರಾತ್ರಿ ಹನ್ನೊಂದರ ಮೇಲೆ ಕೋಣೆಯಲ್ಲಿ ಮಾತಾಡಬಾರದು, ವರಾಂಡಕ್ಕೆ ಹೋಗಲಿ. ವಿಡಿಯೊ ನೋಡುವವರು ಇಯರ್‌ಫೋನ್ ಹಾಕಿಕೊಳ್ಳಲಿ. ಹಿಂದಿನ ಸಾಲಿನ ಕೋಣೆಗಳಲ್ಲಿ ನೆಟ್ ಬರುವುದಿಲ್ಲ. ತುಂಬಾ ಚೀಟಿಗಳಲ್ಲಿ ಇದ್ದದ್ದು ಒಂದೇ ಮಾತು: ನಾಲ್ಕು ಜನರ ಕೋಣೆಗೆ ಒಂದೇ ಪ್ಲಗ್ ಇದೆ, ಚಾರ್ಜಿಗೆ ಹಾಕುವುದಕ್ಕೇ ಜಗಳ.

ಇಯರ್‌ಫೋನ್ ಮತ್ತು ಹನ್ನೊಂದು ಗಂಟೆಯ ಮಾತನ್ನು ನೋಟಿಸ್ ಬೋರ್ಡಿಗೆ ಹಾಕಿದೆವು, ಅವರ ಮಾತಿನಲ್ಲೇ. ನೆಟ್‌ಗೆ ಇನ್ನೂ ದಾರಿ ಸಿಕ್ಕಿಲ್ಲ. ಮರುವಾರ ಎಲೆಕ್ಟ್ರಿಷಿಯನ್ ಬಂದು ಪ್ರತಿ ಕೋಣೆಯಲ್ಲೂ ಇನ್ನೊಂದು ಪ್ಲಗ್ ಬೋರ್ಡ್ ಕೂರಿಸಿ ಹೋದ.